ಪ್ಲಸ್ ಟೂ ಮುಗಿಯಿತು, ಮುಂದಿನ ಬಾಗಿಲು?



ಸಂತೆಯಿಂದ ಹೊಸದಾಗಿ ತಂದ ಕಾಂಗಯಂ ಹೋರಿ ಕೆಲವೊಮ್ಮೆ ಕೊಟ್ಟಿಗೆಯ ಬಾಗಿಲಲ್ಲೇ ನಿಂತುಬಿಡುತ್ತದೆ. ಧಾರಾಪುರದ ರೈತರಿಗೆ ಇದು ಹೊಸದಲ್ಲ. ತೂಗುವ ಹಗ್ಗವೋ, ನೆಲದ ಮೇಲೆ ಬಿದ್ದ ನೆರಳೋ ಅದನ್ನು ಹೆದರಿಸಿರುತ್ತದೆ. ತಿಳಿದವರು ಬಾರುಕೋಲು ಎತ್ತುವುದಿಲ್ಲ. ಹಗ್ಗ ತೆಗೆದು, ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ಕರೆಯುತ್ತಾರೆ. ಈ ಜಾಣ್ಮೆಯನ್ನು ಶಾಸ್ತ್ರವಾಗಿ ಕಲಿಸಿದವರಲ್ಲಿ ಅಮೆರಿಕದ ಪಶುವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ಪ್ರಮುಖರು. 1947ರಲ್ಲಿ ಹುಟ್ಟಿದ ಅವರಿಗೆ ಆಟಿಸಂ ಇದೆ. ಪ್ರಾಣಿಗಳ ಭಯ ಅವರಿಗೆ ಅರ್ಥವಾಗಲು ಕಾರಣ, ಅವರೂ ಅಂಥದೇ ಭಯದಲ್ಲಿ ಬೆಳೆದದ್ದು.

ಆಟಿಸಂ, ಅಂದರೆ ಸ್ವಲೀನತೆ, ರೋಗವಲ್ಲ, ಹುಚ್ಚಲ್ಲ, ಯಾರ ಶಾಪವೂ ಅಲ್ಲ. ಮಿದುಳಿನ ಬೆಳವಣಿಗೆಯೇ ಬೇರೆ ರೀತಿಯದು. ತಾಯಿಯ ಪ್ರೀತಿ ಸಾಲದೆ ಬಂತು ಎಂಬ ಮಾತು ಸುಳ್ಳು. ಲಸಿಕೆಯಿಂದ ಬಂತು ಎಂಬುದೂ ಸುಳ್ಳು. ಆ ಸಂಶಯ ಹಬ್ಬಿಸಿದ 1998ರ ಲೇಖನವನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಇಂಥ ಮಕ್ಕಳಲ್ಲಿ ಹಲವರು ಓದಿನಲ್ಲಿ ಚುರುಕು. ಆದರೆ ಗದ್ದಲ, ಜನಜಂಗುಳಿ, ಹೇಳದೆ ಬರುವ ಬದಲಾವಣೆ ಅವರನ್ನು ತುಂಬಾ ಬಳಲಿಸುತ್ತವೆ.

ಆದ್ದರಿಂದಲೇ, "ಫಾದರ್, ಹುಡುಗ ಪ್ಲಸ್ ಟೂ ಮುಗಿಸ್ತಾನೆ. ಕಾಲೇಜು ಅಂದ್ರೆ ಊಟಾನೇ ಬಿಡ್ತಾನೆ" ಎಂದು ತಾಯಂದಿರು ಕಣ್ಣೀರು ಹಾಕುತ್ತಾರೆ. ಶಾಲೆಯಲ್ಲಿ ಅದೇ ಬೆಂಚು, ಅದೇ ಗಂಟೆ, ಗುರುತಿನ ಟೀಚರು. ಕಾಲೇಜಿನಲ್ಲಿ ಗಂಟೆಗೊಂದು ಕೊಠಡಿ, ಹೊಸ ಮುಖಗಳು. ನಮ್ಮ ಕನ್ನಡ ಮನೆಗಳ ಮಕ್ಕಳಿಗೆ ಇನ್ನೂ ಒಂದು ಹೊರೆ ಉಂಟು: ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಕಾಲೇಜಿನಲ್ಲಿ ಇಂಗ್ಲಿಷು.

ಗ್ರ್ಯಾಂಡಿನ್ ಅವರಿಗೂ ಶಾಲೆ ಬಿಡುವ ಭಯ ಇತ್ತು. ಶಾಲೆಯ ಪ್ರಾರ್ಥನಾಲಯದಲ್ಲಿ ಒಂದು ದಿನ ಪ್ರಸಂಗ ನಡೆಯಿತು. ಯೇಸುಸ್ವಾಮಿ ತಮ್ಮನ್ನೇ ಬಾಗಿಲೆಂದು ಕರೆದುಕೊಳ್ಳುವ ಸಂತ ಯೊವಾನ್ನರ ಶುಭಸಂದೇಶದ ಹತ್ತನೇ ಅಧ್ಯಾಯವೇ ಅದರ ವಿಷಯ. ಚಿತ್ರಗಳಲ್ಲೇ ಯೋಚಿಸುವ ಆ ಹುಡುಗಿ ನಿಜವಾದ ಬಾಗಿಲನ್ನೇ ಹುಡುಕಿದಳು. ವಸತಿಗೃಹದ ಮೇಲ್ಭಾಗದಲ್ಲಿ ಮಾಳಿಗೆಗೆ ತೆರೆಯುವ ಸಣ್ಣ ಬಾಗಿಲು ಸಿಕ್ಕಿತು. ಅದನ್ನು ದಾಟಿ ದಾಟಿ ಶಾಲೆ ಬಿಡುವುದನ್ನು ಅಭ್ಯಾಸ ಮಾಡಿದಳು. ವಿಜ್ಞಾನದ ಮೇಷ್ಟ್ರು ಕಾರ್ಲಾಕ್ ಅವಳ ವಿಚಿತ್ರ ಆಸಕ್ತಿಗಳನ್ನು ನಗೆಯಾಡದೆ ಓದಿನ ಕಡೆಗೆ ತಿರುಗಿಸಿದರು. ಅವಳು 1970ರಲ್ಲಿ ಪದವಿ, 1989ರಲ್ಲಿ ಪಿಎಚ್.ಡಿ. ಪಡೆದಳು. ಎಲ್ಲ ಮಕ್ಕಳೂ ಗ್ರ್ಯಾಂಡಿನ್ ಆಗುವುದಿಲ್ಲ, ಆಗಬೇಕಾದ್ದೂ ಇಲ್ಲ. ಆದರೆ ಬಾಗಿಲನ್ನು ಮೊದಲೇ ದಾಟಿ ನೋಡುವ ಉಪಾಯ ಎಲ್ಲರಿಗೂ ಸಲ್ಲುತ್ತದೆ.

ಮಾರ್ಚಿನ ಪರೀಕ್ಷೆ ಮುಗಿದು ಕಾಲೇಜು ತೆರೆಯುವವರೆಗೆ ಎರಡು ಮೂರು ತಿಂಗಳು ಸಿಗುತ್ತವೆ. ಆಗ ಹೀಗೆ ಮಾಡಿ:

1. ಕಾಲೇಜು ಖಾಲಿ ಇರುವಾಗ ಅನುಮತಿ ಪಡೆದು ಮಗುವನ್ನು ಕರೆದೊಯ್ಯಿರಿ. ಗೇಟು, ತರಗತಿ, ಶೌಚಾಲಯ, ಕುಡಿಯುವ ನೀರು ತೋರಿಸಿ, ಫೋಟೋ ತೆಗೆದು ಮನೆಯಲ್ಲಿ ಅಂಟಿಸಿ. ಒಂದಲ್ಲ, ನಾಲ್ಕು ಸಲ ಹೋಗಿ.

2. ಅದೇ ಬಸ್ಸು, ಅದೇ ಹೊತ್ತು. ಮೊದಲು ಜೊತೆಯಲ್ಲಿ ಕೂತು, ಆಮೇಲೆ ಹಿಂದಿನ ಸೀಟಿನಲ್ಲಿ ಕೂತು, ಕೊನೆಗೆ ನಿಲ್ದಾಣದಲ್ಲಿ ಕಾದು ಅಭ್ಯಾಸ ಮಾಡಿಸಿ. ಬಸ್ಸು ತಪ್ಪಿದರೆ ಏನು ಮಾಡಬೇಕೆಂದು ಚೀಟಿಯಲ್ಲಿ ಬರೆದುಕೊಡಿ.

3. ಕಾಲೇಜಿನಲ್ಲಿ ಒಬ್ಬರೇ ಒಬ್ಬರು ಅಧ್ಯಾಪಕರನ್ನು ಗೊತ್ತುಮಾಡಿ. ಗಾಬರಿಯಾದಾಗ ಹೋಗಿ ಕೂರುವ ಸದ್ದಿಲ್ಲದ ಜಾಗವೊಂದನ್ನು ಕೇಳಿ ಪಡೆಯಿರಿ.

4. ಪಾಠದ ಮುಖ್ಯ ಪದಗಳನ್ನು ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ ಒಂದು ನೋಟುಪುಸ್ತಕದಲ್ಲಿ ಬರೆಸಿ.

5. ಹಾಸ್ಟೆಲಿಗೆ ಆತುರ ಬೇಡ. ಹತ್ತಿರದ ಕಾಲೇಜು, ಪಾಲಿಟೆಕ್ನಿಕ್, ಐ.ಟಿ.ಐ. ಯಾವುದೂ ಕೀಳಲ್ಲ.

6. ಇಂಥ ಮಕ್ಕಳು ಹೇಳಿದ್ದನ್ನು ಹಾಗೆಯೇ ನಂಬುತ್ತಾರೆ. ಗೇಲಿಗೆ ಬೇಗ ಸಿಕ್ಕಿಬೀಳುತ್ತಾರೆ. ರ‍್ಯಾಗಿಂಗ್ ತಮಿಳುನಾಡಿನಲ್ಲಿ 1997ರ ಕಾಯಿದೆಯ ಪ್ರಕಾರ ಅಪರಾಧ. ಯಾರಿಗೆ ಹೇಳಬೇಕೆಂದು ಮೊದಲೇ ಕಲಿಸಿ.

ಕಾನೂನೂ ನಿಮ್ಮ ಕಡೆಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಹೆಸರಿಸಿದ 21 ಬಗೆಗಳಲ್ಲಿ ಆಟಿಸಂ ಒಂದು. ಶೇ. 40ಕ್ಕೆ ಕಡಿಮೆಯಿಲ್ಲದ ಪ್ರಮಾಣಪತ್ರ ಇರುವವರಿಗೆ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಕನಿಷ್ಠ ಶೇ. 5 ಸೀಟುಗಳ ಮೀಸಲಾತಿಯೂ 5 ವರ್ಷಗಳ ವಯಸ್ಸಿನ ಸಡಿಲಿಕೆಯೂ ಉಂಟು. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆಯಲು ಸಹಾಯಕ ಕೇಳಬಹುದು. "ಊರವರು ಏನಂದಾರು" ಎಂದು ಪ್ರಮಾಣಪತ್ರವನ್ನು ಪೆಟ್ಟಿಗೆಯಲ್ಲಿ ಬಚ್ಚಿಟ್ಟರೆ ನಷ್ಟ ಮಗುವಿಗೇ. ಇನ್ನೂ ಮಾಡಿಸದಿದ್ದರೆ ಕಲೆಕ್ಟರ್ ಕಚೇರಿಯಲ್ಲಿರುವ ಅಂಗವಿಕಲರ ಕಲ್ಯಾಣಾಧಿಕಾರಿಯನ್ನು ಕಾಣಿರಿ.

ಆರೋಗ್ಯದ ಮಾತು. ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವುದು, ಕೈ ಆಡಿಸುವುದು, ಬೆಳಗಾದರೆ ಹೊಟ್ಟೆನೋವು ಎನ್ನುವುದು ಹಟವಲ್ಲ, ಆತಂಕದ ಭಾಷೆ. ಬೈಯದೆ ಉತ್ತರವನ್ನು ಬರೆದು ತೋರಿಸಿ. ನಿದ್ದೆ, ಊಟ ವಾರಗಟ್ಟಲೆ ಕೆಟ್ಟರೆ, ತನಗೆ ತಾನೇ ಹೊಡೆದುಕೊಂಡರೆ, ಬದುಕು ಬೇಡ ಎಂದರೆ, ತಡಮಾಡದೆ ಮನೋವೈದ್ಯರಲ್ಲಿಗೆ ಕರೆದೊಯ್ಯಿರಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್, 14416, ಹಗಲೂ ರಾತ್ರಿಯೂ ಉಚಿತ. ಆತಂಕಕ್ಕೆ ಔಷಧವೂ ಸಲಹೆಯೂ ಇದೆ. ಆಟಿಸಂ ಅನ್ನೇ ವಾಸಿಮಾಡುತ್ತೇವೆ ಎಂದು ಹಣ ಕೀಳುವವರನ್ನು ಮಾತ್ರ ನಂಬಬೇಡಿ.

ಆಗಿನ ಜಗದ್ಗುರು ಫ್ರಾನ್ಸಿಸರು 2014ರ ನವೆಂಬರ್ 22ರಂದು ಆಟಿಸಂ ಇರುವವರನ್ನೂ ಅವರ ಮನೆಯವರನ್ನೂ ಭೇಟಿಯಾಗಿ, ಅವರ ಒಂಟಿತನವನ್ನೂ ಕಳಂಕವನ್ನೂ ಮುರಿಯಲು ಎಲ್ಲರನ್ನೂ ಕರೆದರು. ಆ ಕೆಲಸ ನಮ್ಮ ಬೆಂಚಿನಿಂದಲೇ ಶುರುವಾಗಲಿ. ಬಲಿಪೂಜೆಯ ನಡುವೆ ಒಂದು ಮಗು ಕಿವಿ ಮುಚ್ಚಿಕೊಂಡು ಎದ್ದು ಹೊರಗೆ ಹೋದರೆ ತಿರುಗಿ ನೋಡಬೇಡಿ. ಅದು ಮರಳಿ ಬಂದಾಗ ಕೂರಲು ಜಾಗ ಬಿಡಿ. ಈಗಾಗಲೇ ಕಾಲೇಜಿಗೆ ಹೋಗುತ್ತಿರುವ ನಮ್ಮ ಯುವಕ ಯುವತಿಯರು ಮೊದಲ ತಿಂಗಳು ಅದೇ ಬಸ್ಸಿನಲ್ಲಿ ಜೊತೆಯಾಗಲಿ. ಜೊತೆ ಬೇಕಾದ ತಂದೆತಾಯಿಯರು ಭಾನುವಾರ ಪೂಜೆಯ ನಂತರ ನನ್ನನ್ನು ಕಂಡು ಹೆಸರು ಕೊಡಿ.

ದೇವರು ನಿಮ್ಮನ್ನು ಆಶೀರ್ವದಿಸಲಿ.

— ನಿಮ್ಮ ಧರ್ಮಕೇಂದ್ರದ ಗುರು