ಗಾಜಿನ ಪೆಟ್ಟಿಗೆಯೊಳಗೊಬ್ಬ ಸೂರ್ಯ

ಬೇಸಗೆಯ ಬೆಳಗಿನಲ್ಲಿ ಬೇಲಿಯ ಕಲ್ಲುಕಂಬದ ಮೇಲೆ ಕುಳಿತು ತಲೆಯಾಡಿಸುವ ಓತಿಕ್ಯಾತವನ್ನು ನೋಡದವರು ನಮ್ಮಲ್ಲಿ ವಿರಳ. ಬೆಳಗಿನ ಎಳೆಬಿಸಿಲಿಗೆ ಅದು ಮೈಯೊಡ್ಡುತ್ತದೆ. ಬಿಸಿಲು ತೀಕ್ಷ್ಣವಾದೊಡನೆ ಕಂಬದ ಮರೆಗೆ ಸರಿಯುತ್ತದೆ. ಹೊತ್ತು ಇಳಿದಾಗ ಮತ್ತೆ ಬಿಸಿಲನ್ನು ಅರಸಿ ಬರುತ್ತದೆ. ಇದನ್ನು ಸೋಮಾರಿಯ ಓಡಾಟವೆಂದು ನಾವು ಭಾವಿಸುವುದುಂಟು. ನಿಜವಾಗಿ ನೋಡಿದರೆ, ಅದು ಜೀವವನ್ನು ಉಳಿಸಿಕೊಳ್ಳುವ ಎಚ್ಚರದ ಕೆಲಸ.

ಈ ಓತಿಕ್ಯಾತಕ್ಕೆ ಆಸ್ಟ್ರೇಲಿಯದಲ್ಲಿ ಒಬ್ಬ ನಂಟನಿದ್ದಾನೆ. ಆ ಖಂಡದ ಒಳನಾಡಿನ ಒಣ ಕುರುಚಲು ಕಾಡುಗಳಲ್ಲಿ ವಾಸಿಸುವ ಆ ಪ್ರಾಣಿಗೆ ಇಂಗ್ಲಿಷಿನಲ್ಲಿ ‘ಬಿಯರ್ಡೆಡ್ ಡ್ರ್ಯಾಗನ್’ ಎಂದು ಹೆಸರು. ವಿಜ್ಞಾನಿಗಳು ಅದನ್ನು ‘ಪೊಗೋನ ವಿಟ್ಟಿಸೆಪ್ಸ್’ ಎಂದು ಕರೆಯುತ್ತಾರೆ. ನಾವು ಅದನ್ನು ಗಡ್ಡದ ಓತಿ ಎನ್ನೋಣ. ಬೆದರಿದಾಗ ಗಂಟಲಿನ ಮುಳ್ಳುಮುಳ್ಳಾದ ಚರ್ಮವನ್ನು ಉಬ್ಬಿಸಿ ಕಪ್ಪಾಗಿಸುವುದರಿಂದ ಈ ಹೆಸರು ಬಂದಿದೆ. ಬಾಲವೂ ಸೇರಿ ಅರ್ಧ ಮೀಟರಿಗೂ ಮಿಕ್ಕಿ ಬೆಳೆಯಬಲ್ಲ ಈ ಪ್ರಾಣಿ ಬಹು ಸಾಧುವಾದುದರಿಂದ, ಯೂರೋಪು ಅಮೆರಿಕಗಳಲ್ಲಿ ಅದನ್ನು ಮನೆಯಲ್ಲಿ ಸಾಕುವವರು ಬಹಳ ಮಂದಿ. ತನ್ನ ನಾಡಿನ ವನ್ಯಜೀವಿಗಳನ್ನು ವ್ಯಾಪಾರಕ್ಕಾಗಿ ಜೀವಂತ ಹೊರಗೆ ಕಳುಹಿಸಲು ಆಸ್ಟ್ರೇಲಿಯವು ಒಪ್ಪುವುದಿಲ್ಲ. ಆದುದರಿಂದ ಆ ಮನೆಗಳಲ್ಲಿರುವ ಗಡ್ಡದ ಓತಿಗಳು ಸಾಮಾನ್ಯವಾಗಿ ಸೆರೆಯಲ್ಲಿಯೇ ಮೊಟ್ಟೆಯೊಡೆದು ಬಂದವು. ತಮ್ಮ ನಾಡಿನ ಬಿಸಿಲನ್ನು ಎಂದೂ ಕಾಣದವು. ಅವುಗಳ ತಲೆಯ ಮೇಲಿರುವ ಸೂರ್ಯ ಮನುಷ್ಯನು ತೂಗುಹಾಕಿದ ದೀಪವೇ. ಆ ದೀಪದ ಆಯ್ಕೆಯಲ್ಲಿ ತಪ್ಪಿದರೆ ಪ್ರಾಣಿಗೆ ಏನಾಗುತ್ತದೆ ಎಂಬುದನ್ನು ನೋಡೋಣ.

ಹೊರಗಿನಿಂದ ಬರುವ ಬಿಸಿ

ನಾವು ಉಂಡ ಅನ್ನದ ಬಹುಭಾಗವು ಮೈಯನ್ನು ಬಿಸಿಯಾಗಿ ಇಟ್ಟುಕೊಳ್ಳುವುದಕ್ಕೇ ವ್ಯಯವಾಗುತ್ತದೆ. ಓತಿಯ ಮೈಯಲ್ಲಿ ಅಂತಹ ಒಲೆಯಿಲ್ಲ. ಅದು ಬಿಸಿಯನ್ನು ಹೊರಗಿನಿಂದಲೇ ಪಡೆಯಬೇಕು. ಹಾಗೆಂದು ಅದರ ಮೈಯ ಉಷ್ಣತೆ ಗಾಳಿಯ ಉಷ್ಣತೆಯಂತೆಯೇ ಏರಿಳಿಯುತ್ತದೆಂದು ತಿಳಿಯಬಾರದು. ಅಮೆರಿಕದ ರೇಮಂಡ್ ಕೌಲ್ಸ್ ಮತ್ತು ಚಾರ್ಲ್ಸ್ ಬೋಗರ್ಟ್ ಎಂಬ ವಿಜ್ಞಾನಿಗಳು ಮರುಭೂಮಿಯ ಸರೀಸೃಪಗಳನ್ನು ಪರೀಕ್ಷಿಸಿ, 1944ರಲ್ಲಿ ತಮ್ಮ ಫಲಿತಾಂಶಗಳನ್ನು ಪ್ರಕಟಿಸಿದರು. ಬಿಸಿಲು ನೆರಳುಗಳ ನಡುವೆ ಓಡಾಡುತ್ತ ಹಲ್ಲಿಯ ಜಾತಿಯ ಪ್ರಾಣಿಗಳು ಹಗಲೆಲ್ಲ ತಮ್ಮ ಮೈಯ ಉಷ್ಣತೆಯನ್ನು ಸಣ್ಣದೊಂದು ಮಿತಿಯೊಳಗೇ ಕಾಪಾಡಿಕೊಳ್ಳುತ್ತವೆ ಎಂದು ಅವರು ತೋರಿಸಿಕೊಟ್ಟರು. ಗಡ್ಡದ ಓತಿಯು ಬಯಸುವ ಮೈ ಉಷ್ಣತೆ ಸುಮಾರು 35 ಡಿಗ್ರಿ ಸೆಂಟಿಗ್ರೇಡ್. ಅದಕ್ಕಿಂತ ಬಹಳ ಕೆಳಗಿಳಿದರೆ ಹೊಟ್ಟೆಯಲ್ಲಿರುವ ಆಹಾರವೂ ಜೀರ್ಣವಾಗದು.

ಹೀಗಿರುವಾಗ ಪೆಟ್ಟಿಗೆಯನ್ನೆಲ್ಲ ಒಂದೇ ಸಮನಾಗಿ 35 ಡಿಗ್ರಿಗೆ ಬಿಸಿಮಾಡಿದರೆ ಸಾಲದೆ? ಸಾಲದು. ಪ್ರಾಣಿಗೆ ಬೇಕಾದುದು ಬರಿಯ ಬಿಸಿಯಲ್ಲ, ಬಿಸಿಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ. ಸುಮಾರು 120 ಸೆಂಟಿಮೀಟರ್ ಉದ್ದದ ಪೆಟ್ಟಿಗೆಯ ಒಂದು ಕೊನೆಯಲ್ಲಿ ದೀಪದ ಕೆಳಗಿನ ಕಲ್ಲು 38ರಿಂದ 42 ಡಿಗ್ರಿಯಷ್ಟು ಕಾದಿರಬೇಕು; ಇನ್ನೊಂದು ಕೊನೆಯಲ್ಲಿ 24ರಿಂದ 27 ಡಿಗ್ರಿಯ ತಂಪಿರಬೇಕು. ಮರೆಗೊಂದು ಪೊಟರೆಯೂ ಇರಬೇಕು. ಇಷ್ಟಿದ್ದರೆ ಓತಿಯು ತನ್ನ ಲೆಕ್ಕವನ್ನು ತಾನೇ ಮಾಡಿಕೊಳ್ಳುತ್ತದೆ. ಮೈ ಕಾದ ಓತಿ ಬಾಯಿ ತೆರೆದು ಕುಳಿತಿರುವುದನ್ನು ಕಂಡು ಹೊಸಬರು ಗಾಬರಿಗೊಳ್ಳುವುದುಂಟು. ಅದು ಹೆಚ್ಚಾದ ಬಿಸಿಯನ್ನು ಹೊರಹಾಕುವ ಉಪಾಯ. ತಂಪಿನೆಡೆ ಇದ್ದರೆ ಸ್ವಲ್ಪ ಹೊತ್ತಿನಲ್ಲಿ ತಾನೇ ಎದ್ದುಹೋಗುತ್ತದೆ. ಇಲ್ಲದಿದ್ದರೆ ಅದೇ ಬಿಸಿ ಪ್ರಾಣಾಪಾಯವಾಗುತ್ತದೆ.

ಬಿಸಿಯು ಮೇಲಿನಿಂದ ಬರಬೇಕೆಂಬುದನ್ನೂ ಮರೆಯಬಾರದು. ಅಂಗಡಿಗಳಲ್ಲಿ ವಿದ್ಯುತ್ತಿನಿಂದ ಕಾಯುವ ಕೃತಕ ಕಲ್ಲುಗಳು ಸಿಗುತ್ತವೆ. ಸೂರ್ಯನು ಕಾಯಿಸುವುದು ಬೆನ್ನನ್ನು. ಹೊಟ್ಟೆಯ ಕೆಳಗಿನ ಬೆಂಕಿಯನ್ನು ಅರಿತು ಸರಿಯುವ ಅಭ್ಯಾಸ ಓತಿಗೆ ಅಷ್ಟಾಗಿ ಇಲ್ಲ. ಅಂತಹ ಕಲ್ಲಿನ ಮೇಲೆ ಮಲಗಿ ಹೊಟ್ಟೆ ಸುಟ್ಟುಕೊಂಡ ಪ್ರಾಣಿಗಳನ್ನು ಪಶುವೈದ್ಯರು ಚೆನ್ನಾಗಿ ಬಲ್ಲರು.

ಕಾಣದ ಬೆಳಕು

ಬಿಸಿ ದೊರೆಯಿತು, ಬೆಳಕೂ ದೊರೆಯಿತು. ಆದರೂ ಕೆಲವು ತಿಂಗಳಲ್ಲಿ ಓತಿಯ ಕಾಲುಗಳು ನಡುಗತೊಡಗುತ್ತವೆ. ಮರವೇರುತ್ತಿದ್ದುದು ಹೊಟ್ಟೆಯೆಳೆದುಕೊಂಡು ಹೋಗುತ್ತದೆ. ದವಡೆಯ ಎಲುಬು ಮೆತ್ತಗಾಗಿ ಮಿಡತೆಯನ್ನು ಕಚ್ಚಲೂ ಆರದಾಗುತ್ತದೆ. ಹೀಗೇಕೆ?

ಈ ಪ್ರಶ್ನೆಗೆ ಉತ್ತರವು ಮೊದಲು ಸಿಕ್ಕಿದುದು ಮಕ್ಕಳ ರೋಗವೊಂದರಲ್ಲಿ. ಎಲುಬುಗಳು ಬಾಗುವ ರಿಕೆಟ್ಸ್ ರೋಗಕ್ಕೆ ತುತ್ತಾದ ಮಕ್ಕಳ ಮೈಮೇಲೆ ಬರ್ಲಿನ್ ನಗರದ ವೈದ್ಯ ಕುರ್ಟ್ ಹುಲ್ಡ್‌ಶಿನ್ಸ್ಕಿ 1919ರಲ್ಲಿ ಪಾದರಸ ದೀಪದ ನೇರಳಾತೀತ ಕಿರಣಗಳನ್ನು ಬೀರಿದನು. ಎಲುಬುಗಳು ಗಟ್ಟಿಯಾದವು. ಒಂದು ತೋಳಿಗೆ ಮಾತ್ರ ಕಿರಣಗಳನ್ನು ಹಾಯಿಸಿದರೂ ಎರಡು ತೋಳುಗಳೂ ಗುಣವಾದುವು! ಬೆಳಕು ಚರ್ಮದಲ್ಲಿ ಯಾವುದೋ ಒಂದು ವಸ್ತುವನ್ನು ಉತ್ಪಾದಿಸಿ, ಅದು ರಕ್ತದ ಮೂಲಕ ಮೈಯೆಲ್ಲಕ್ಕೂ ಹರಡಿತೆಂದು ಇದರಿಂದ ಊಹಿಸಬಹುದಾಗಿತ್ತು. ಆ ವಸ್ತುವೇ ಜೀವಸತ್ವ ‘ಡಿ’.

ಇದನ್ನು ಹುಟ್ಟಿಸುವ ಕಿರಣಗಳು 280ರಿಂದ 315 ನ್ಯಾನೊಮೀಟರ್ ತರಂಗಾಂತರದವು. ಇವಕ್ಕೆ ನೇರಳಾತೀತ ‘ಬಿ’ ಕಿರಣಗಳೆಂದು ಹೆಸರು. ನಮ್ಮ ಕಣ್ಣಿಗೆ ಕಾಣವು. ಇವು ಚರ್ಮದಲ್ಲಿರುವ ಕೊಲೆಸ್ಟರಾಲಿನ ಸಂಬಂಧಿಯೊಂದನ್ನು ಜೀವಸತ್ವದ ಪೂರ್ವರೂಪವನ್ನಾಗಿ ಮಾಡುತ್ತವೆ. ಅದು ಪೂರ್ಣರೂಪಕ್ಕೆ ತಿರುಗಲು ಮೈ ಬಿಸಿಯಿರಬೇಕು. ಎಂದರೆ ಬಿಸಿ ಮತ್ತು ಬೆಳಕು ಎರಡೂ ಒಂದೇ ಎಡೆಯಲ್ಲಿ ಕೂಡಿಬರಬೇಕು. ಮುಂದೆ ಯಕೃತ್ತೂ ಮೂತ್ರಪಿಂಡಗಳೂ ಆ ವಸ್ತುವನ್ನು ಹದಗೊಳಿಸುತ್ತವೆ. ಆಗ ಕರುಳು ಆಹಾರದ ಸುಣ್ಣಾಂಶವನ್ನು ಹೀರಿಕೊಳ್ಳುತ್ತದೆ. ಸುಣ್ಣ ಸಾಲದೆ ಹೋದರೆ ದೇಹವು ತನ್ನ ಎಲುಬುಗಳಿಂದಲೇ ಅದನ್ನು ಕಿತ್ತುಕೊಳ್ಳುತ್ತದೆ. ಮೆತ್ತಗಾದ ದವಡೆಯ ಗುಟ್ಟು ಇದೇ.

ಜೀವಸತ್ವವನ್ನು ಆಹಾರದೊಡನೆ ಬೆರೆಸಿ ಕೊಟ್ಟರಾಗದೆ ಎಂದು ಕೇಳಬಹುದು. 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕೆಲವು ಗಡ್ಡದ ಓತಿಮರಿಗಳಿಗೆ ನೇರಳಾತೀತ ದೀಪವನ್ನೂ, ಬೇರೆ ಮರಿಗಳಿಗೆ ಆಹಾರದ ಮೂಲಕ ಜೀವಸತ್ವವನ್ನೂ ಒದಗಿಸಿ ಹೋಲಿಸಲಾಯಿತು. ದೀಪದ ಕೆಳಗಿದ್ದವುಗಳ ರಕ್ತದಲ್ಲಿ ಜೀವಸತ್ವದ ಸಂಚಾರರೂಪವು ಸುಮಾರು 18 ಪಟ್ಟು ಹೆಚ್ಚಾಗಿತ್ತು. ಓತಿಗೆ ಪುಡಿಗಿಂತ ಬಿಸಿಲೇ ದೊಡ್ಡ ಔಷಧಿ.

ಕಿಟಕಿಯ ಗಾಜಿನ ಮೋಸ

ಹಾಗಾದರೆ ಪೆಟ್ಟಿಗೆಯನ್ನು ಬಿಸಿಲು ಬೀಳುವ ಕಿಟಕಿಯ ಬಳಿ ಇಟ್ಟರೆ ಖರ್ಚಿಲ್ಲದೆ ಎಲ್ಲವೂ ಸಿಗುವುದಲ್ಲವೆ? ಅನೇಕರು ಎಡವುವುದು ಇಲ್ಲಿಯೇ. ಸಾಮಾನ್ಯ ಗಾಜು ಕಾಣುವ ಬೆಳಕನ್ನು ಒಳಗೆ ಬಿಡುತ್ತದೆ; ನೇರಳಾತೀತ ‘ಬಿ’ ಕಿರಣಗಳನ್ನು ಬಹುತೇಕ ಪೂರ್ತಿಯಾಗಿ ತಡೆಯುತ್ತದೆ. ಒಳಹೊಕ್ಕ ಬೆಳಕು ಬಿಸಿಯಾಗಿ ಮಾರ್ಪಟ್ಟು ಪೆಟ್ಟಿಗೆಯಲ್ಲಿಯೇ ಸೆರೆಯಾಗುತ್ತದೆ. ಬೇಕಾದ ಕಿರಣ ಹೊರಗುಳಿಯಿತು, ಕೊಲ್ಲುವ ಬಿಸಿ ಒಳಗೆ ಸೇರಿತು! ಬಿಸಿಲಿನಲ್ಲಿಟ್ಟ ಗಾಜಿನ ಪೆಟ್ಟಿಗೆಯಲ್ಲಿ ಓತಿಯು ಅಲ್ಪಕಾಲದಲ್ಲಿಯೇ ಸಾಯಬಹುದು.

ದೀಪಗಳೂ ಹೀಗೆಯೇ ಕಣ್ಣನ್ನು ವಂಚಿಸುತ್ತವೆ. ತಂತಿಯ ಬಲ್ಬು ಬಿಸಿಯನ್ನು ಕೊಡುತ್ತದೆ, ‘ಬಿ’ ಕಿರಣಗಳನ್ನು ಕೊಡದು. ಮನೆಯ ಎಲ್‌ಇಡಿ ದೀಪವು ಕಣ್ಣು ಕೋರೈಸುವಂತೆ ಬೆಳಗಿದರೂ ಅದರಿಂದ ಬಿಸಿಯೂ ಸಾಲದು, ಆ ಕಿರಣಗಳೂ ಇಲ್ಲ. ಆದುದರಿಂದ ಕಾಯಿಸಲು ಒಂದು ಬಲ್ಬು, ನೇರಳಾತೀತ ಕಿರಣಗಳಿಗೆಂದೇ ತಯಾರಾದ ಒಂದು ಕೊಳವೆದೀಪ, ಹೀಗೆ ಎರಡನ್ನೂ ಪೆಟ್ಟಿಗೆಯ ಒಂದೇ ಕೊನೆಯಲ್ಲಿ, ತಲೆಯ ಮೇಲ್ಗಡೆಯೇ ಹಾಕಬೇಕು. ಪಕ್ಕದಿಂದ ಬಂದ ಕಿರಣಗಳು ಕಣ್ಣಿಗೆ ಅಪಾಯಕರ.

ದೂರವೂ ಮುಖ್ಯ. ಬೆಳಕಿನ ಮೂಲದಿಂದ ಇಮ್ಮಡಿ ದೂರ ಸರಿದರೆ ತೀಕ್ಷ್ಣತೆ ನಾಲ್ಕರಲ್ಲೊಂದು ಪಾಲಿಗೆ ಇಳಿಯುತ್ತದೆಂಬ ನಿಯಮವನ್ನು ಪಾಠಗಳಲ್ಲಿ ಓದಿದ್ದೇವೆ. ಉದ್ದನೆಯ ಕೊಳವೆಗೂ ಪ್ರತಿಫಲಕವುಳ್ಳ ಬಲ್ಬಿಗೂ ಅದು ಅಕ್ಷರಶಃ ಹೊಂದದಿದ್ದರೂ, ಕೆಲವೇ ಬೆರಳುಗಳ ಅಂತರದಿಂದ ಬಹಳ ವ್ಯತ್ಯಾಸವಾಗುವುದು ನಿಜ. ನಡುವೆ ತಂತಿಬಲೆಯಿದ್ದರೆ ಅದೂ ಕಿರಣಗಳ ಗಣನೀಯ ಭಾಗವನ್ನು ತಡೆಯುತ್ತದೆ. ತಯಾರಕರು ಸೂಚಿಸಿದ ದೂರವನ್ನು ಅಳೆದು ಪಾಲಿಸತಕ್ಕದ್ದು. ಇನ್ನೊಂದು ಮಾತು: ಈ ಕೊಳವೆಗಳು ತಿಂಗಳುಗಳು ಕಳೆದಂತೆ ‘ಬಿ’ ಕಿರಣಗಳನ್ನು ಕೊಡುವುದನ್ನು ಕಡಿಮೆಮಾಡುತ್ತವೆ, ಕಾಣುವ ಬೆಳಕು ಮಾತ್ರ ಹಾಗೆಯೇ ಇರುತ್ತದೆ. ನಾವು ಉರಿಯುತ್ತಿದೆಯೆಂದು ನೆಮ್ಮದಿಯಾಗಿರುವಾಗ ಓತಿಯ ಪಾಲಿಗೆ ದೀಪ ಆರಿಹೋಗಿರುತ್ತದೆ. ಆದುದರಿಂದ ಹಾಕಿದ ದಿನಾಂಕವನ್ನು ಬರೆದಿಟ್ಟು, ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ಬದಲಿಸುವುದು ವಾಡಿಕೆ.

ಇರುಳೂ ಬೇಕು

ಹಗಲು 12ರಿಂದ 14 ಗಂಟೆಗಳ ಬೆಳಕು ಸಾಕು. ಬಳಿಕ ಎಲ್ಲ ದೀಪಗಳೂ ಆರಬೇಕು. ಒಳನಾಡಿನ ಇರುಳು ತಂಪಾಗಿರುವಂತೆ ಪೆಟ್ಟಿಗೆಯೂ ತಣಿಯಬಹುದು. ಉಷ್ಣತೆ 18 ಡಿಗ್ರಿಗಿಂತ ಕೆಳಗಿಳಿಯುವ ಚಳಿನಾಡುಗಳಲ್ಲಿ ಮಾತ್ರ, ಬೆಳಕಿಲ್ಲದೆ ಬಿಸಿ ಕೊಡುವ ಪಿಂಗಾಣಿ ಕಾಯಿಸುಗೆಯನ್ನು ಉಷ್ಣನಿಯಂತ್ರಕದೊಡನೆ ಬಳಸುತ್ತಾರೆ. ಇರುಳಿಗೆ ಕೆಂಪುದೀಪ ಸಲ್ಲದು. ಓತಿಯ ಕಣ್ಣಿಗೆ ಅದೂ ಬೆಳಕೇ. ಅದರ ನೆತ್ತಿಯ ಮೇಲೆ ಬೆಳಕು ನೆರಳುಗಳನ್ನು ಅರಿಯುವ ಮೂರನೆಯ ಕಣ್ಣೂ ಒಂದುಂಟು.

ಬೇಲಿಯ ಮೇಲಿನ ನಮ್ಮ ಓತಿಕ್ಯಾತಕ್ಕೆ ಈ ಯಾವ ಲೆಕ್ಕವೂ ಬೇಡ. ಬಿಸಿ, ಬೆಳಕು, ಕಾಣದ ಕಿರಣ, ನೆರಳು, ಇರುಳು ಇವೆಲ್ಲವನ್ನೂ ಒಬ್ಬನೇ ಸೂರ್ಯ ಬೆಲೆಯಿಲ್ಲದೆ ಕೊಡುತ್ತಾನೆ. ಒಂದು ಪ್ರಾಣಿಯನ್ನು ಗಾಜಿನೊಳಗೆ ಇಟ್ಟ ಕ್ಷಣದಿಂದ ಆ ಸೂರ್ಯನ ಹೊಣೆಯೆಲ್ಲ ನಮ್ಮದಾಗುತ್ತದೆ. ಆ ಹೊಣೆಯನ್ನು ಕಣ್ಣಂದಾಜಿನಿಂದ ನಿರ್ವಹಿಸಲಾಗದು. ಉಷ್ಣಮಾಪಕ, ಅಳತೆಪಟ್ಟಿ, ದಿನಾಂಕ ಬರೆದ ಚೀಟಿ ಈ ಮೂರೂ ಕೈಯಲ್ಲಿರಬೇಕು. ಅಷ್ಟು ತಾಳ್ಮೆ ಇಲ್ಲದವರು ಬೇಲಿಯ ಬಳಿ ನಿಂತು ಓತಿಕ್ಯಾತವನ್ನು ನೋಡಿ ಸಂತೋಷಪಡುವುದೇ ಲೇಸು.