ಮೊಳೆ ಕಾಣದ ದೋಣಿ: ಕಾವೇರಿಯ ಹರಿಗೋಲು

ಮದ್ದೂರಿನ ಮಗ್ಗುಲಲ್ಲಿ ಹರಿದು ಬರುವ ಶಿಂಷೆಯು ಮಳವಳ್ಳಿ ತಾಲ್ಲೂಕಿನಲ್ಲಿ ಕಾವೇರಿಯನ್ನು ಕೂಡುತ್ತದೆ. ಶಿವನಸಮುದ್ರದಲ್ಲಿ ಧುಮುಕಿ, ಕಲ್ಲುಬಂಡೆಗಳ ನಡುವೆ ನುಸುಳಿ, ಮುತ್ತತ್ತಿಯ ಕಡೆಗೆ ಸಾಗುವ ಈ ಹೊಳೆಯಲ್ಲಿ ಹಾಯಿ ಬಿಚ್ಚುವ ನಾವೆಗೆ ಎಡೆಯಿಲ್ಲ. ಉದ್ದನೆಯ ಮರದ ದೋಣಿಗೂ ಬಂಡೆಯ ಭಯ ತಪ್ಪಿದ್ದಲ್ಲ. ಇಂಥ ನೀರಿಗೆಂದೇ ನಮ್ಮ ಹಿರಿಯರು ಕಂಡುಕೊಂಡ ಉಪಾಯ ಹರಿಗೋಲು.

ಇದರ ವಂಶ ಬಹು ಹಳೆಯದು. ಬ್ಯಾಬಿಲೋನಿನ ಗುಂಡು ದೋಣಿಗಳನ್ನು ಗ್ರೀಕ್ ಚರಿತ್ರಕಾರ ಹೆರೊಡೋಟಸ್ ವರ್ಣಿಸಿದ್ದಾನೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಹದಿನೈದು ಇಪ್ಪತ್ತು ಜನರನ್ನು ಹೊರುವ, ಹೊರಗೆ ತೊಗಲು ಹೊದಿಸಿದ ಬುಟ್ಟಿ ದೋಣಿಗಳು ಸುತ್ತುತ್ತಲೇ ಹೊಳೆ ದಾಟುವುದನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ.

ಹರಿಗೋಲಿನ ರಚನೆ ಸರಳವೆಂದು ತೋರಿದರೂ ಜಾಣ್ಮೆಯದು. ಬಿದಿರನ್ನು ಸೀಳಿ ದಬ್ಬೆಗಳನ್ನು ಮಾಡಿ, ಮಟ್ಟಸವಾದ ನೆಲದ ಮೇಲೆ ಅಡ್ಡಡ್ಡಲಾಗಿ ಹೆಣೆದು ಮೊದಲು ತಳವನ್ನು ಸಿದ್ಧಪಡಿಸುತ್ತಾರೆ. ಭಾರ ತಾಳಲೆಂದು ನಡುವೆ ಗಟ್ಟಿಯಾದ ದಬ್ಬೆಗಳನ್ನು ಸೇರಿಸುತ್ತಾರೆ. ಅನಂತರ ಹೊರಚಾಚಿದ ತುದಿಗಳನ್ನು ಮೇಲಕ್ಕೆ ಬಾಗಿಸಿ, ಸುತ್ತಲೂ ನೇಯ್ದು, ಬಾಯಂಚಿಗೆ ದಪ್ಪನೆಯ ಬಳೆಯಂತೆ ಬಿದಿರನ್ನು ಸುತ್ತಿ ಬಿಗಿಯುತ್ತಾರೆ. ಈ ಅಂಚೇ ದೋಣಿಯ ಬಲ: ಕೈ ಹಿಡಿಯುವುದು, ಹೊತ್ತು ನಡೆಯುವುದು, ಹಗ್ಗ ಕಟ್ಟುವುದು ಎಲ್ಲವೂ ಅಲ್ಲಿಯೇ. ಹಿಂದೆ ಹೊರಮೈಗೆ ತೊಗಲು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ, ಕಾಯಿಸಿದ ಡಾಂಬರು ಬಳಿಯುತ್ತಾರೆ.

ಇಷ್ಟೆಲ್ಲದರಲ್ಲಿ ಹೆಣಿಗೆಗೆ ಒಂದು ಮೊಳೆಯೂ ಬೇಕಿಲ್ಲ. ಅದರ ಮಹತ್ವವನ್ನು ಹಾಯಿದೋಣಿಯವರು ಬಲ್ಲರು. ಸಣ್ಣ ಹಾಯಿದೋಣಿಯ ಮೇಲ್ಕಟ್ಟಿಗೆ ಹಗ್ಗದ ಗೂಟವನ್ನೋ ರಾಟೆಯನ್ನೋ ಕೂಡಿಸಬೇಕಾದರೆ ಹಲಗೆಗೆ ತೂತು ಕೊರೆಯಲೇಬೇಕು. ಕೊರೆದ ತೂತಿನಲ್ಲಿ ನೀರು ಜಿನುಗಿದರೆ ಒಳಗಿನ ಮರ ಕೊಳೆಯುತ್ತದೆ. ಆದುದರಿಂದ ಅಂಟು ತುಂಬಿ, ಎಳೆತವನ್ನು ಹಂಚಲು ಕೆಳಗೊಂದು ತಗಡನ್ನಿಟ್ಟು ತಿರುಪು ಬಿಗಿಯುತ್ತಾರೆ. ಹರಿಗೋಲಿನಲ್ಲಿ ಎಳೆತವನ್ನು ಇಡೀ ಹೆಣಿಗೆಯೇ ಹಂಚಿಕೊಳ್ಳುತ್ತದೆ. ಬಂಡೆಗೆ ತಗುಲಿದರೆ ಬಿರುಸಾಗಿ ಒಡೆಯುವ ಬದಲು ತುಸು ಬಾಗಿ ಜಾರಿಕೊಳ್ಳುತ್ತದೆ. ತಳ ಚಪ್ಪಟೆಯಾದುದರಿಂದ ತೆಳು ನೀರಿನಲ್ಲಿಯೂ ತೇಲುತ್ತದೆ.

ಆದರೆ ಗುಣದ ಬೆನ್ನಿಗೇ ದೋಷವೂ ಉಂಟು. ಮುಂದು ಹಿಂದು ಇಲ್ಲದ ದೋಣಿ ಒಂದೇ ಪಕ್ಕದಲ್ಲಿ ಹುಟ್ಟು ಹಾಕಿದರೆ ಬುಗುರಿಯಂತೆ ಸುತ್ತುತ್ತದೆ. ಅನುಭವಿಯಾದ ಅಂಬಿಗ ಹುಟ್ಟನ್ನು ತನ್ನ ಮುಂದೆ ನೀರಿಗಿಳಿಸಿ, ತನ್ನ ಕಡೆಗೆ ಸೆಳೆದುಕೊಳ್ಳುತ್ತಾನೆ. ದೋಣಿ ಹುಟ್ಟಿನ ಕಡೆಗೆ ಸರಿಯುತ್ತದೆ. ಸುತ್ತಲೂ ಸಮನಾಗಿ ಕುಕ್ಕರಿಸಿ ಕುಳಿತ ಪ್ರಯಾಣಿಕರಲ್ಲಿ ಒಬ್ಬರು ಥಟ್ಟನೆ ಎದ್ದುನಿಂತರೆ, ಇಲ್ಲವೆ ಎಲ್ಲರೂ ಒಂದೇ ಕಡೆ ವಾಲಿದರೆ, ಅಂಚು ನೀರಿಗೆ ತಾಗುತ್ತದೆ. ಮತ್ತೆ ಬುಟ್ಟಿ ತುಂಬಲು ಎಷ್ಟು ಹೊತ್ತು!

ಮೇಲಿನ ಕೃಷ್ಣರಾಜಸಾಗರದಿಂದ ನೀರು ಬಿಟ್ಟಾಗ, ಮಳೆ ಕಾಣದ ದಿನದಲ್ಲಿಯೂ ಹೊಳೆ ಏರಬಹುದು. ಅಂದು ಜಾಣ ಅಂಬಿಗ ಹರಿಗೋಲನ್ನು ದಡದಲ್ಲಿ ಬೋರಲು ಹಾಕಿ ಸುಮ್ಮನಿರುತ್ತಾನೆ. ದುಡ್ಡಿನಾಸೆಗೆ ಇಬ್ಬರನ್ನು ಹೆಚ್ಚಾಗಿ ಹತ್ತಿಸದಿರುವುದೂ ಅವನ ವಿದ್ಯೆಯ ಒಂದು ಅಂಗವೇ.

ಸೇತುವೆಗಳು ಬಂದಮೇಲೆ ಹೊಳೆ ದಾಟಲು ಹರಿಗೋಲನ್ನು ನಂಬುವವರು ಕಡಿಮೆಯಾದರು. ನಾರುಗಾಜಿನ ಬುಟ್ಟಿಗಳೂ ಕಾಣಿಸಿಕೊಂಡಿವೆ. ಇಂದು ಇದು ಮೀನು ಹಿಡಿಯುವವರ ಸಂಗಾತಿ, ರಜೆಗೆ ಬರುವ ಪೇಟೆಯ ಸಂಸಾರಗಳ ವಿನೋದ. ವಿನೋದಕ್ಕೆ ಹತ್ತುವವರು ತೇಲುವ ಜಾಕೀಟು ತೊಟ್ಟು, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಂಬಿಗನ ಮಾತನ್ನು ಕೇಳಿದರೆ ಸಾಕು. ಅವನು ಬೇಡವೆಂದ ದಿನ ದಡದಲ್ಲೇ ನಿಂತು ಹೊಳೆಯನ್ನು ನೋಡುವುದೂ ಒಂದು ಸೊಗಸು.