ಮೇಜಿನ ಮೇಲಿನ ಟ್ಯಾಂಕು

ಟ್ಯಾಂಕು ಎಂದೊಡನೆ ನಮ್ಮ ಕೋಲಾರ ಸೀಮೆಯವರಿಗೆ ಮೊದಲು ನೆನಪಾಗುವುದು ಕೆರೆ. ಹಳೆಯ ಕಂದಾಯ ಕಡತಗಳಲ್ಲಿ, ಸರ್ವೆ ನಕ್ಷೆಗಳಲ್ಲಿ ನಮ್ಮ ಕೆರೆಗಳಿಗೆಲ್ಲ ಇಂಗ್ಲಿಷರು ಬರೆದಿಟ್ಟ ಹೆಸರು ಅದೇ. ಆದುದರಿಂದ, ನಾನು ಟ್ಯಾಂಕು ಕಟ್ಟುತ್ತಿದ್ದೇನೆಂದು ಮುಳಬಾಗಿಲಿನಲ್ಲಿ ಮೊದಲ ಬಾರಿಗೆ ಹೇಳಿದಾಗ, ನೆರೆಮನೆಯ ಹಿರಿಯರೊಬ್ಬರು, "ಎಲ್ಲಿ ಮೇಷ್ಟ್ರೇ, ಎಷ್ಟು ಎಕರೆಗೆ ನೀರು?" ಎಂದು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ನಿಜ ನೋಡಿದರೆ, ಯುದ್ಧದ ಟ್ಯಾಂಕಿಗೆ ಆ ಹೆಸರು ಬಂದುದೂ ನೀರಿನ ದೆಸೆಯಿಂದಲೇ. 1915ರಲ್ಲಿ ಇಂಗ್ಲೆಂಡಿನ ಲಿಂಕನ್ ಪಟ್ಟಣದಲ್ಲಿ, ಬೇಸಾಯದ ಯಂತ್ರಗಳನ್ನು ಮಾಡುತ್ತಿದ್ದ ಕಾರ್ಖಾನೆಯೊಂದು ಕಬ್ಬಿಣದ ಈ ವಿಚಿತ್ರ ಪ್ರಾಣಿಯನ್ನು ಸಿದ್ಧಪಡಿಸುತ್ತಿತ್ತು. ಗುಟ್ಟು ಹೊರಬೀಳಬಾರದೆಂದು, ಇದು ನೀರು ಸಾಗಿಸುವ ತೊಟ್ಟಿ ಎಂಬ ಮಾತನ್ನು ಹಬ್ಬಿಸಿದರು. ತೊಟ್ಟಿ ಎಂಬರ್ಥದ ಟ್ಯಾಂಕು ಎಂಬ ಹೆಸರು ಅಂಟಿಕೊಂಡಿತು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೋಮ್ ರಣರಂಗದಲ್ಲಿ ಅದು ಮೊದಲ ಬಾರಿಗೆ ಉರುಳಿಕೊಂಡು ಬಂದಾಗ ತೊಟ್ಟಿಯ ಗುಟ್ಟು ರಟ್ಟಾಯಿತು, ಹೆಸರು ಮಾತ್ರ ಉಳಿಯಿತು. ಇಂಗ್ಲಿಷಿನ ಆ ಶಬ್ದಕ್ಕೆ ಕೂಡ ನಮ್ಮ ದೇಶದ ಗುಜರಾತಿ, ಮರಾಠಿ ಕಡೆಯ 'ಟಾಂಕೆ' ಎಂಬ ಮಾತಿನ ನಂಟಿದೆಯೆಂದು ನಿಘಂಟುಕಾರರು ಹೇಳುವುದುಂಟು. ಅಂತೂ ನಮ್ಮ ನೆರೆಯವರ ಪ್ರಶ್ನೆ ಮೂಲಕ್ಕೇ ಕೈಹಾಕಿತ್ತು.

ನಾನು ಕಟ್ಟುವ ಟ್ಯಾಂಕು ಮೇಜಿನ ಮೇಲೆ ನಿಲ್ಲುವಂಥದು. ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದ ನೂರಾರು ತುಂಡುಗಳು ಒಂದು ಪೆಟ್ಟಿಗೆಯಲ್ಲಿ ಬರುತ್ತವೆ. ಅವನ್ನು ಕತ್ತರಿಸಿ, ಅರದಿಂದ ಉಜ್ಜಿ, ಅಂಟಿಸಿ, ಬಣ್ಣ ಹಚ್ಚಿ, ಕೊನೆಗೆ ಬಿಸಿಲು ಮಳೆ ಧೂಳುಗಳಲ್ಲಿ ದುಡಿದ ವಾಹನದಂತೆ ಮಾಸಲು ಮಾಡಬೇಕು. ಇದಕ್ಕೆ ಒಂದು ಪ್ರಮಾಣ ಉಂಟು. ಹೆಚ್ಚು ಬಳಕೆಯಲ್ಲಿರುವುದು ಮೂವತ್ತೈದಕ್ಕೆ ಒಂದು, ಅಂದರೆ ನಿಜವಾದ ಟ್ಯಾಂಕಿನ 35 ಅಂಗುಲ ನಮ್ಮಲ್ಲಿ ಒಂದು ಅಂಗುಲ. ಈ ಮೂವತ್ತೈದು ಎಲ್ಲಿಂದ ಬಂತು ಎಂದು ಕೇಳಿದರೆ ನಗು ಬರುತ್ತದೆ. ಜಪಾನಿನ ಶಿಜುವೊಕಾದ ತಮಿಯಾ ಸಂಸ್ಥೆ, ಮೊದಲು ಮರ ಕೊಯ್ಯುವ ವ್ಯಾಪಾರದಲ್ಲಿದ್ದುದು, 1961ರಲ್ಲಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಮಾದರಿಯನ್ನು ಸಿದ್ಧಪಡಿಸಿತು. ಅದು ಮೋಟಾರಿನಿಂದ ಓಡುವ ಆಟಿಕೆ. ಹೊಟ್ಟೆಯೊಳಗೆ ಮೋಟಾರೂ ಬ್ಯಾಟರಿಗಳೂ ಹಿಡಿಸುವಷ್ಟು ಅಗಲ ಬೇಕಿತ್ತು. ಆ ಅಗಲಕ್ಕೆ ತಕ್ಕಂತೆ ಉಳಿದ ಅಳತೆಗಳನ್ನು ಹಾಕಿದಾಗ ಸುಮಾರು ಮೂವತ್ತೈದಕ್ಕೆ ಒಂದು ಎಂದಾಯಿತು. ಬ್ಯಾಟರಿಯ ಗಾತ್ರಕ್ಕಾಗಿ ಹುಟ್ಟಿದ ಅಳತೆ ಇಂದು ಲೋಕದ ತುಂಬ ಶಾಸ್ತ್ರವಾಗಿ ನಿಂತಿದೆ!

ಪ್ರಮಾಣವೆಂಬುದು ಕಣ್ಣಿಗೆ ತೋರುವಷ್ಟು ಸರಳವಲ್ಲ. ನಮ್ಮ ಸೈನ್ಯದಲ್ಲಿ 1965 ಮತ್ತು 1971ರ ಯುದ್ಧಗಳನ್ನು ಕಂಡ ಸೆಂಚುರಿಯನ್ ಟ್ಯಾಂಕನ್ನು ತೆಗೆದುಕೊಳ್ಳಿ. ಫಿರಂಗಿಯ ನಳಿಗೆಯೂ ಸೇರಿ ಅದರ ಉದ್ದ ಸುಮಾರು 9.8 ಮೀಟರು, ಮಾದರಿಯಲ್ಲಿ 28 ಸೆಂಟಿಮೀಟರು. ಇದು ಸರಿ. ಆದರೆ ತೂಕ? ನಿಜವಾದುದು ಸುಮಾರು 51 ಟನ್. ಉದ್ದ, ಅಗಲ, ಎತ್ತರ ಮೂರೂ ಮೂವತ್ತೈದು ಪಾಲು ಕುಗ್ಗುವುದರಿಂದ ತೂಕ 42,875 ಪಾಲು ಕುಗ್ಗಬೇಕು. ಆ ಲೆಕ್ಕಕ್ಕೆ ಮಾದರಿ ಸುಮಾರು 1 ಕಿಲೋ 200 ಗ್ರಾಂ ತೂಗಬೇಕು. ಟೊಳ್ಳು ಪ್ಲಾಸ್ಟಿಕ್ಕು ಅಷ್ಟು ತೂಗುವುದಿಲ್ಲ. ತೂಗದಿದ್ದರೇನಂತೆ, ತಕ್ಕಡಿಯಲ್ಲಿಡುವವರು ಯಾರು ಎನ್ನಬಹುದು. ಕಣ್ಣೇ ತಕ್ಕಡಿ. ಉಕ್ಕಿನ ಚೈನು ತನ್ನ ಭಾರಕ್ಕೆ ತಾನೇ ಜೋತು ಬೀಳುತ್ತದೆ. ಮಾದರಿಯ ಹಗುರ ಚೈನು ಬಿಗಿದ ರಬ್ಬರಿನಂತೆ ಗಾಳಿಯಲ್ಲಿ ನಿಂತಿರುತ್ತದೆ. ಮಡಿಕೇರಿಯಲ್ಲಿ 2021ರಲ್ಲಿ ತೆರೆದ ಜನರಲ್ ತಿಮ್ಮಯ್ಯನವರ ಸ್ಮಾರಕ ಸಂಗ್ರಹಾಲಯಕ್ಕೆ ಹೋದವರು ಅಲ್ಲಿರುವ ಟಿ-55 ಟ್ಯಾಂಕಿನ ಪಕ್ಕ ನಿಂತು ಇದನ್ನು ನೋಡಬಹುದು. ಅದಕ್ಕೆ ಒಂದೊಂದು ಮಗ್ಗುಲಿಗೆ ಐದು ದೊಡ್ಡ ಗಾಲಿಗಳು. ಮೊದಲ ಗಾಲಿಗೂ ಎರಡನೆಯದಕ್ಕೂ ನಡುವೆ ಹೆಚ್ಚಿನ ಅಂತರ. ಚೈನಿನ ಮೇಲ್ಭಾಗವನ್ನು ಎತ್ತಿ ಹಿಡಿಯಲು ಬೇರೆ ಚಿಕ್ಕ ಗಾಲಿಗಳಿಲ್ಲದೆ ಅದು ಆ ದೊಡ್ಡ ಗಾಲಿಗಳ ಬೆನ್ನ ಮೇಲೆಯೇ ಮಲಗಿರುತ್ತದೆ. ಮಾದರಿ ಮಾಡುವವನು ಚೈನನ್ನು ಒಂದೊಂದೇ ಗಾಲಿಗೆ ಒತ್ತಿ ಅಂಟಿಸಿ ಇಲ್ಲದ ಭಾರವನ್ನು ನಟಿಸಬೇಕಾಗುತ್ತದೆ. ಇಂಥ ಕಡೆ ನೋಡಬಾರದ್ದೂ ಒಂದಿದೆ: ಬಣ್ಣ. ಪ್ರದರ್ಶನಕ್ಕಿಟ್ಟ ಟ್ಯಾಂಕುಗಳಿಗೆ ಹೊಳೆಯುವ ಹೊಸ ಬಣ್ಣ ಬಳಿದಿರುತ್ತಾರೆ. ಗೌರವದ ದೃಷ್ಟಿಯಿಂದ ಅದು ಸರಿಯೇ. ಅದನ್ನು ನಕಲು ಮಾಡಿದರೆ ಮಾತ್ರ ನಮ್ಮ ಟ್ಯಾಂಕು ಮದುವೆಗೆ ಹೊರಟಂತೆ ಕಾಣುತ್ತದೆ.

ಅಂಟಿಸುವುದನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಈ ಕೆಲಸಕ್ಕೆ ಬಳಸುವ ದ್ರವ ಗೋಂದಿನಂತೆ ನಡುವೆ ನಿಂತು ಹಿಡಿಯುವುದಲ್ಲ. ಎರಡೂ ಅಂಚುಗಳ ಪ್ಲಾಸ್ಟಿಕ್ಕನ್ನು ಕರಗಿಸಿ ಒಂದನ್ನೊಂದರಲ್ಲಿ ಬೆರೆಸಿ ತಾನು ಹಾರಿಹೋಗುತ್ತದೆ. ಕರಗಿಸುವ ಗುಣ ಎಲ್ಲಿಯವರೆಗೆ ಒಳ್ಳೆಯದು ಎಂಬುದನ್ನು ನಾನು ಪೆಟ್ಟು ತಿಂದು ಕಲಿತೆ. ಮೊದಲನೆಯ ಮಾದರಿಗೆ, ಮೋಟಾರು ವಾಹನಕ್ಕೆ ಹೊಡೆಯುವ ಬಣ್ಣವನ್ನೇ ಗ್ಯಾರೇಜಿನ ಥಿನ್ನರಿನಲ್ಲಿ ಕಲಸಿ ಬಳಿದೆ. ಕಾಲು ಗಂಟೆಯೊಳಗೆ ಅದರ ಮೂತಿ ಬಿಸಿಲಿಗಿಟ್ಟ ಬೆಲ್ಲದಚ್ಚಿನಂತೆ ಕುಸಿಯಿತು. ಆ ವರ್ಷದ ನವರಾತ್ರಿಯಲ್ಲಿ ಮನೆಯವರು ಅದನ್ನೇ ಗೊಂಬೆಗಳ ಕೆಳಗಿನ ಮೆಟ್ಟಿಲಲ್ಲಿ, ರಾಗಿ ಪೈರಿನ ನಡುವೆ ಇಟ್ಟು, ಅದು ಬಂಡೆ ಎಂದು ಮಕ್ಕಳಿಗೆ ತೋರಿಸಿದರು.

ಬಣ್ಣದ ವಿಚಾರದಲ್ಲಿ ನಮ್ಮ ಹಳ್ಳಿಗಳ ಕುರುಕ್ಷೇತ್ರ ನಾಟಕದವರಿಗೆ ತಿಳಿದಿರುವ ಗುಟ್ಟೇ ಇಲ್ಲಿಯೂ ಮುಖ್ಯ. ದುರ್ಯೋಧನನ ಹುಬ್ಬನ್ನು ಹತ್ತಿರದಿಂದ ನೋಡಿದರೆ ಮಸಿಯ ಗೆರೆ. ಹಿಂದಿನ ಸಾಲಿನವನಿಗೆ ಅದೇ ಕೋಪ. ಸಣ್ಣ ಮಾದರಿಯ ಮೇಲೆ ಮನೆಯ ದೀಪದ ಬೆಳಕು ಬಿದ್ದರೆ, ಸೂರ್ಯನ ಬೆಳಕಿನಲ್ಲಿ ನಿಜವಾದ ಟ್ಯಾಂಕಿನ ಮೇಲೆ ಬೀಳುವಂಥ ನೆರಳು ಬೀಳುವುದಿಲ್ಲ. ಆದ್ದರಿಂದ ನೆರಳನ್ನೇ ಬರೆಯಬೇಕು. ಎಣ್ಣೆಬಣ್ಣದ ಕಡುಕಂದನ್ನು ನೀರಿನಷ್ಟು ತೆಳ್ಳಗೆ ಟರ್ಪೆಂಟೈನಿನಲ್ಲಿ ಕಲಸಿ, ಕುಂಚದ ತುದಿಯಿಂದ ಒಂದು ಮೊಳೆಯ ಬುಡಕ್ಕೆ ಮುಟ್ಟಿಸಿದರೆ ಸಾಕು; ಬತ್ತಿಗೆ ಎಣ್ಣೆ ಏರುವಂತೆ ಅದು ತಾನೇ ಸಂದುಗಳಲ್ಲಿ ಹರಿದು ನಿಲ್ಲುತ್ತದೆ. ಇದಕ್ಕೆ ಮುಂಚೆ ಹೊಳಪಿನ ವಾರ್ನಿಷನ್ನು ಒಂದು ಪದರ ಕೊಟ್ಟಿರಬೇಕು. ಇಲ್ಲವಾದರೆ ಒರಟು ಬಣ್ಣ ಅದನ್ನು ಹೀರಿ ಕಲೆಯಾಗುತ್ತದೆ. ಇನ್ನೊಂದು ಮಾತು. ದೂರದ ಬೆಟ್ಟ ತಿಳಿಯಾಗಿ ಕಾಣುವಂತೆ, ದೂರದ ಟ್ಯಾಂಕಿನ ಹಸಿರೂ ತಿಳಿ. ಮೂರಡಿಯಿಂದ ಮಾದರಿಯನ್ನು ನೋಡುವುದೆಂದರೆ ನಿಜವಾದುದನ್ನು ನೂರಡಿ ಆಚೆಯಿಂದ ನೋಡಿದಂತೆ. ಸೈನ್ಯದ ಡಬ್ಬದಿಂದಲೇ ಬಣ್ಣ ತಂದು ಹಚ್ಚಿದರೂ ಅದು ಕಪ್ಪೆನಿಸುತ್ತದೆ. ಸ್ವಲ್ಪ ಬಿಳುಪು ಬೆರೆಸಿದ ಸುಳ್ಳೇ ಇಲ್ಲಿ ನಿಜಕ್ಕೆ ಹತ್ತಿರ.

ಇನ್ನು ಮಾಸಲು ಮಾಡುವ ಕೆಲಸ. ನನ್ನ ಎರಡನೆಯ ಮಾದರಿ ಒಂದು ಸೆಂಚುರಿಯನ್. 1971ರ ಡಿಸೆಂಬರ್ 16ರಂದು ಬಸಂತರ್ ನದಿಯಾಚೆಗಿನ ಕಾಳಗದಲ್ಲಿ ಪೂನಾ ಹಾರ್ಸ್ ರೆಜಿಮೆಂಟಿನ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಏರಿದ್ದು ಇಂಥದೇ ಟ್ಯಾಂಕು. ಅದರ ಹೆಸರು 'ಫಾಮಗುಸ್ತಾ'. ಎದುರಿಗಿದ್ದುವು ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು. ಖೇತ್ರಪಾಲರಿಗೆ ಆಗ 21 ವರ್ಷ. ಹೋರಾಡುತ್ತಲೇ ಮಡಿದ ಅವರಿಗೆ ಪರಮವೀರ ಚಕ್ರ ಸಂದಿತು. ಆ ಟ್ಯಾಂಕನ್ನು ಆಮೇಲೆ ದುರಸ್ತಿ ಮಾಡಿ ಕಾಪಾಡಿಕೊಂಡು ಬಂದಿದ್ದಾರೆ. ಅದರಂತೆಯೇ ನನ್ನದೂ ಇರಲೆಂದು ನಾನು ಮೂರು ತಿಂಗಳು ಕುಳಿತೆ. ಮುಳಬಾಗಿಲಿನ ಕೆಮ್ಮಣ್ಣನ್ನು ಬಟ್ಟೆಯಲ್ಲಿ ಸೋಸಿ ಗಾಲಿಗಳಿಗೆ ಹಚ್ಚಿದೆ. ಎಲ್ಲೆಲ್ಲೂ ತುಕ್ಕು ಹಿಡಿಸಿದೆ. ಕಾದ ಸೂಜಿಯಿಂದ ಗೋಪುರದ ಮಗ್ಗುಲಿಗೆ ಒಂದು ರಂಧ್ರ ಮಾಡಿ, ಉಕ್ಕು ಕರಗಿದಂತೆ ಅಂಚು ಕಟ್ಟಿ, ಸುತ್ತ ಮಸಿ ಹಿಡಿಸಿದೆ. ಅದು ಬಹಳ ಚೆನ್ನಾಗಿ ಬಂದಿತ್ತು ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ನಮ್ಮ ಬೀದಿಯಲ್ಲಿ ನಿವೃತ್ತ ಸುಬೇದಾರರೊಬ್ಬರಿದ್ದಾರೆ. ತಮ್ಮ ಹೆಸರು ಬೇಡವೆಂದಿದ್ದಾರೆ. ಇಪ್ಪತ್ತರ ಹರೆಯದಲ್ಲಿ ಅವರು ಸೆಂಚುರಿಯನ್ನಿನ ಚಾಲಕರಾಗಿದ್ದರು. ಅವರಿಗೆ ತೋರಿಸಬೇಕೆಂಬ ಆಸೆಯಿಂದ ಮನೆಗೆ ಕರೆತಂದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಮಣ್ಣು ಎಲ್ಲಿಯದು ಮೇಷ್ಟ್ರೇ?"

"ನಮ್ಮೂರಿನದೇ, ಸುಬೇದಾರರೇ."

"ಅಲ್ಲಿ ಇಂಥ ಮಣ್ಣಿಲ್ಲ. ಅದು ಬೂದಿಯ ಹಾಗೆ."

ಅವರ ಮಾತು ಸರಿಯಾಗಿತ್ತು. ನಮ್ಮದು ಕಬ್ಬಿಣದ ಅಂಶದಿಂದ ಕೆಂಪೇರಿದ ಮಣ್ಣು. ಅದು ಹಿಮಾಲಯದ ನದಿಗಳು ಹೊತ್ತು ತಂದು ಹರಡಿದ ಮೆಕ್ಕಲು, ಒಣಗಿದರೆ ಬೂದು ಬೆರೆತ ತಿಳಿಗಂದು. ಭೂಗೋಳ ಪಾಠ ಮಾಡಿದವನು ನಾನು. ಅವರ ಮುಂದೆ ತಲೆ ತಗ್ಗಿಸಬೇಕಾಯಿತು. ಆಮೇಲೆ ಅವರ ಬೆರಳು ಆ ರಂಧ್ರದ ಬಳಿ ಬಂದು ನಿಂತಿತು.

"ಇದು ಯಾರಿಗೆ ತಗುಲಿತು?"

"ಟ್ಯಾಂಕಿಗೆ," ಎಂದೆ.

"ಒಳಗೆ ನಾಲ್ಕು ಜನ ಇರುತ್ತಾರಲ್ಲ. ಈ ಜಾಗಕ್ಕೆ ಬಿದ್ದರೆ ಮದ್ದು ತುಂಬುವವನು ಉಳಿಯುವುದಿಲ್ಲ." ಧ್ವನಿಯಲ್ಲಿ ಕೋಪವೇನೂ ಇರಲಿಲ್ಲ. ಕಾಫಿ ಕುಡಿದು ಎದ್ದು ಹೋದರು.

ಆ ರಾತ್ರಿಯೇ ನಾನು ರಂಧ್ರಕ್ಕೆ ಲಪ್ಪ ತುಂಬಿದೆ. ಮಾರನೆಯ ದಿನ ಉಜ್ಜುಕಾಗದದಿಂದ ತಿಕ್ಕಿ ಸಮ ಮಾಡಿ, ಮಾದರಿಯನ್ನೆಲ್ಲ ತೊಳೆದು, ಸುಬೇದಾರರ ಮನೆಗೆ ಹೋಗಿ, "ಏನೇನು ಎಲ್ಲೆಲ್ಲಿ ಸವೆಯುತ್ತದೆ, ನೀವೇ ಹೇಳಬೇಕು," ಎಂದು ಕೇಳಿಕೊಂಡೆ. ಅವರು ಹೇಳಿದ ವಿವರಗಳು ನಾನು ಓದಿದ ಯಾವ ಕೈಪಿಡಿಗಿಂತಲೂ ಹೆಚ್ಚಿನವು. ಟ್ಯಾಂಕಿನ ದಪ್ಪ ಕವಚ ತಿಂಗಳೆರಡು ತಿಂಗಳ ಕಾಳಗದಲ್ಲಿ ತುಕ್ಕು ಹಿಡಿದು ಉದುರುವುದಿಲ್ಲ. ಅಷ್ಟು ದಿನ ಅದನ್ನು ಒರೆಸಿ ನೋಡಿಕೊಳ್ಳುವವರಿದ್ದಾರೆ. ತುಕ್ಕು ಹಿಡಿಯುವುದು ಕಾದು ಬಣ್ಣ ಸುಟ್ಟ ಹೊಗೆಕೊಳವೆಗೆ, ನಿಂತ ಟ್ಯಾಂಕಿನ ಚೈನಿಗೆ. ಓಡುವ ಚೈನು ನೆಲಕ್ಕೆ ತಾಗುವೆಡೆ ಬೆಳ್ಳಿಯಂತೆ ಹೊಳೆಯುತ್ತದೆ, ಉಳಿದೆಡೆ ಮಣ್ಣು. ಬಣ್ಣ ಸವೆಯುವುದು ಮನುಷ್ಯರು ಹತ್ತಿ ಇಳಿಯುವ ದಾರಿಯಲ್ಲಿ: ಬೂಟು ಊರುವ ಮೂಲೆ, ಕೈ ಹಿಡಿಯುವ ಸರಳು, ಮುಚ್ಚಳಗಳ ಅಂಚು. ಎಣ್ಣೆ ತುಂಬುವ ಬಾಯಿಯ ಸುತ್ತ ಧೂಳು ನೆನೆದು ಕಪ್ಪಾದ ಕಲೆ. ಗಾಲಿಗೆ ಕಟ್ಟಿದ ರಬ್ಬರಿಗೆ ತುಕ್ಕು ಬಳಿದಿದ್ದ ನನ್ನ ಜಾಣತನವನ್ನು ನೆನೆದು ಅವರು ನಕ್ಕರು. ಸೆಂಚುರಿಯನ್ನಿನೊಳಗೆ ನೀರು ಕಾಯಿಸಿಕೊಳ್ಳಲು ವಿದ್ಯುತ್ತಿನ ಪಾತ್ರೆಯೊಂದಿರುತ್ತಿತ್ತು. ಇಂಗ್ಲಿಷರು ತಮ್ಮ ಚಹಕ್ಕಾಗಿ ಮಾಡಿಕೊಂಡ ಏರ್ಪಾಡು ಅದು. ಅದರ ಮಾತು ಬಂದಾಗ ಸುಬೇದಾರರ ಮುಖ ಅರಳಿತು.

ಒಂದೊಂದು ಗುರುತಿಗೂ ಒಂದೊಂದು ಕಾರಣ ಬೇಕೆಂದಾದ ಮೇಲೆ ಕೆಲಸ ನಿಧಾನವಾಯಿತು. ಒಂದು ಮಿಲಿಮೀಟರಿನ ಗೀರು ನಿಜದಲ್ಲಿ ಮೂರೂವರೆ ಸೆಂಟಿಮೀಟರಿನದು. ಅಷ್ಟು ದೊಡ್ಡದಕ್ಕೆ ಏನು ತಾಗಿರಬೇಕು? ಧೂಳಿನ ಲೆಕ್ಕವೂ ಅದೇ. ಬಟ್ಟೆಯಲ್ಲಿ ಸೋಸಿದ ಮಣ್ಣಿನಲ್ಲಿಯೂ ಕಾಲು ಮಿಲಿಮೀಟರಿನ ಕಣ ಉಳಿದರೆ ಅದು ಟ್ಯಾಂಕಿನ ಮೇಲೆ ಕಡಲೆಕಾಳಿನ ಗಾತ್ರದ ಕಲ್ಲು. ಕುಂಬಾರರು ಜೇಡಿಮಣ್ಣನ್ನು ತಿಳಿ ಮಾಡುವ ಕ್ರಮವೇ ಇಲ್ಲಿ ಗತಿ. ಮಣ್ಣನ್ನು ನೀರಿನಲ್ಲಿ ಕದಡಿ, ಒರಟು ಕಣಗಳು ತಳಕ್ಕಿಳಿಯಲು ಬಿಟ್ಟು, ಮೇಲಿನ ಬಗ್ಗಡವನ್ನು ಬೇರೆ ಪಾತ್ರೆಗೆ ಬಗ್ಗಿಸಬೇಕು. ಹೀಗೆ ಮೂರು ನಾಲ್ಕು ಬಾರಿ. ಕೊನೆಗೆ ತಳದಲ್ಲಿ ನಿಂತು ಒಣಗುವ ಪುಡಿ ವಿಭೂತಿಗಿಂತ ನಯ. ನಮ್ಮ ಮಣ್ಣಿನ ಕೆಂಪನ್ನು ಬಿಟ್ಟು, ಸೀಮೆಸುಣ್ಣ, ಒಲೆಯ ಬೂದಿ, ಸ್ವಲ್ಪ ಕಂದು ಬೆರೆಸಿ ಸುಬೇದಾರರ ಮುಂದೆ ಹನ್ನೊಂದು ಬಟ್ಟಲು ಇಟ್ಟೆ. ಅವರು ಏಳನೆಯದನ್ನು ಮುಟ್ಟಿ, "ಇದು. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ," ಎಂದರು. ಅದನ್ನು ಒಣ ಕುಂಚದಿಂದ ಉದುರಿಸಿ, ಟರ್ಪೆಂಟೈನಿನ ಹನಿಗಳನ್ನು ಪಕ್ಕದಿಂದ ಹರಿಯಬಿಟ್ಟೆ. ಹಸಿಯಾದಾಗ ಕಪ್ಪಾಗಿ ಕಂಡು ಹೆದರಿಸುತ್ತದೆ. ಆರಿದ ಮೇಲೆ ಬಣ್ಣ ಮರಳುತ್ತದೆ.

ನಮ್ಮ ಕೆಮ್ಮಣ್ಣು ಡಬ್ಬಿಯಲ್ಲಿ ಉಳಿದಿದೆ. ಅದಕ್ಕೂ ಯೋಗ್ಯವಾದ ಮಾದರಿ ಇಲ್ಲದಿಲ್ಲ. ನೆರೆಯ ಕೆ.ಜಿ.ಎಫ್.ನಲ್ಲಿ, 1964ರಲ್ಲಿ ಸ್ಥಾಪಿತವಾದ ಬಿ.ಇ.ಎಂ.ಎಲ್.ನ ಕಾರ್ಖಾನೆ ಬುಲ್ಡೋಜರುಗಳನ್ನು ಕಟ್ಟುತ್ತದೆ. ಕೆಟ್ಟು ನಿಂತ ಟ್ಯಾಂಕುಗಳನ್ನು ಎಳೆದು ತರುವ ಚೈನಿನ ವಾಹನಗಳನ್ನೂ ಅದು ಸೈನ್ಯಕ್ಕೆ ಒದಗಿಸಿದೆ. ಚೈನಿನ ಸಂದಿನಲ್ಲಿ ಕೋಲಾರದ ಮಣ್ಣು ಮೆತ್ತಿದ ಹಳದಿ ಬುಲ್ಡೋಜರನ್ನು ಮಾಡಿದರೆ ಯಾವ ಸುಬೇದಾರರೂ ಆಕ್ಷೇಪಿಸಲಾರರು. ಯುದ್ಧದ ದೃಶ್ಯವೇ ಬೇಕೆನ್ನುವವರಿಗೆ ನಮ್ಮ ಊರಿನದೇ ಇದೆ. 1768ರ ಅಕ್ಟೋಬರ್ 4ರಂದು ಇಲ್ಲಿನ ಬಂಡೆಗಳ ನಡುವೆ ಹೈದರಾಲಿಯ ಸೈನ್ಯ ಕರ್ನಲ್ ವುಡ್‌ನ ಪಡೆಯನ್ನು ಮುತ್ತಿ ಹಣ್ಣುಮಾಡಿದಾಗ, ಕ್ಯಾಪ್ಟನ್ ಬ್ರೂಕ್ ಎಂಬವನು ಎರಡು ಫಿರಂಗಿಗಳನ್ನು ಬಂಡೆಯ ಮೇಲೇರಿಸಿ ಹಾರಿಸಿ, ಕರ್ನಲ್ ಸ್ಮಿತ್‌ನ ದೊಡ್ಡ ಸೈನ್ಯ ಬಂತೆಂದು ಭ್ರಮೆ ಹುಟ್ಟಿಸಲು "ಸ್ಮಿತ್! ಸ್ಮಿತ್!" ಎಂದು ತನ್ನವರಿಂದ ಕೂಗಿಸಿದ. ಆ ಬಂಡೆಗಳನ್ನು ಮಾಡಲು ಪ್ಲಾಸ್ಟಿಕ್ಕೇ ಬೇಡ, ಹಿತ್ತಿಲಿನಲ್ಲಿ ಆಯ್ದುಕೊಳ್ಳಬಹುದು.

ಸೆಂಚುರಿಯನ್ನನ್ನು ಸುಬೇದಾರರಿಗೇ ಕೊಟ್ಟೆ. ಅವರು ಗೋಪುರವನ್ನು ತುಸು ಎಡಕ್ಕೆ ತಿರುಗಿಸಿ, ಚಾಲಕನ ಮುಚ್ಚಳವೊಂದನ್ನು ತೆರೆದು, ಗಡಿಯಾರದ ಪಕ್ಕ ಇಟ್ಟುಕೊಂಡಿದ್ದಾರೆ. ಮೊನ್ನೆ ಹೋದಾಗ ಅದರ ಬಣ್ಣ ಏಕೋ ಹೊಸದಾಗಿ ಕಂಡಿತು. ಅವರ ಮನೆಯವರು ಕಾಫಿ ತಂದಿಟ್ಟು ಹೇಳಿದರು: "ಪ್ರತಿ ಶುಕ್ರವಾರ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ ಮೇಷ್ಟ್ರೇ, ಇನ್ನೂ ಮಣ್ಣು ಬರುತ್ತಲೇ ಇದೆ. ಕೊಡುವಾಗ ನೀವು ಸ್ವಲ್ಪ ತೊಳೆದು ಕೊಡಬಾರದಿತ್ತೇ?"